ತೊಡೆಗೆ ಕಟ್ಟಿದ ಟ್ಯೂಬು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ನೀವು ಬಿ.ಇ. ಮಾಡಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀರಿ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಿ" ಅಂದರು. ನಾನು ಒಪ್ಪಿಕೊಂಡೆ. ಬರುವ ದಾರಿಯಲ್ಲಿ ಮನಸ್ಸು ಬದಲಾಯಿತು. ಕಂಪ್ಯೂಟರ್ ಬಗ್ಗೆ ಹೇಳುವವರು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲೇ ಮೂರು ಜನ ಕೂತಿದ್ದಾರೆ. ನಾನು ಇವತ್ತು ಕಾಲಿನ ಬಗ್ಗೆ ಮಾತಾಡುತ್ತೇನೆ. ಸರಿಯಾಗಿ ಹೇಳಬೇಕೆಂದರೆ, ಆಟಕ್ಕೆ ಇಳಿಯುವ ಮುಂಚೆ ಕಾಲಿಗೆ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದರ ಬಗ್ಗೆ. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಅದನ್ನು ಈ ಮೈದಾನದಲ್ಲೇ ಹೇಳಬೇಕು ಅಂತ ಎರಡು ವರ್ಷದಿಂದ ಇಟ್ಟುಕೊಂಡಿದ್ದೇನೆ.

ಎರಡು ವರ್ಷದ ಹಿಂದೆ ಕೆ.ಆರ್. ಪೇಟೆ ಕಡೆಯ ಒಂದು ಊರಿನಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಇತ್ತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಾಲ್ಕು ತಾಲೂಕಿನ ತಂಡಗಳು. ಮೊದಲ ಬಹುಮಾನ ನಗದು ಮತ್ತು ಒಂದು ಟಗರು. ನಮ್ಮ ಶಾಲೆಯಲ್ಲಿ ಓದಿದ ಹುಡುಗರೇ ಸೇರಿ ಒಂದು ತಂಡ ಕಟ್ಟಿದ್ದರು. ಅದರಲ್ಲಿ ನನ್ನ ಅಣ್ಣನ ಮಗನೂ ಇದ್ದ, ಆಗ ಅವನಿಗೆ 17 ವರ್ಷ, ಒಳ್ಳೆಯ ರೈಡರ್. ನಾನು ಹಬ್ಬಕ್ಕೆ ಬಂದವನು ಆಟ ನೋಡಲು ಹೋಗಿದ್ದೆ.

ಏಳೂವರೆಗೆ ಶುರುವಾಗಬೇಕಿದ್ದ ಪಂದ್ಯ. ಉದ್ಘಾಟನೆಗೆ ಮುಖ್ಯ ಅತಿಥಿಗಳು ಬರಲಿಲ್ಲ. ಏಳೂ ಮುಕ್ಕಾಲಾಯಿತು, ಎಂಟಾಯಿತು. ಮೈಕಿನಲ್ಲಿ "ಇನ್ನು ಐದೇ ನಿಮಿಷದಲ್ಲಿ" ಅಂತ ಹೇಳುತ್ತಲೇ ಇದ್ದರು. ನಮ್ಮ ಹಳ್ಳಿ ಸಭೆಗಳ ಐದು ನಿಮಿಷ ಎಷ್ಟು ಅಂತ ನಿಮಗೆ ಗೊತ್ತು. ಎಂಟು ಕಾಲಿಗೆ ಕಾರು ಬಂತು, ಹಾರ ಬಿತ್ತು, ತಂಡಗಳ ಕೈಕುಲುಕಾಟ ಆಯಿತು, ಆಟ ಶುರುವಾಯಿತು. ನಮ್ಮ ಹುಡುಗ ಮೊದಲ ರೈಡ್‌ಗೆ ಹೋದ. ಬೋನಸ್ ಗೆರೆಗೆ ಕಾಲು ಚಾಚಿದ, ಪಾದ ಎತ್ತಲಾಗದೆ ಬೆರಳು ನೆಲಕ್ಕೆ ತಾಗಿ ಮುಗ್ಗರಿಸಿದ. ಯಾರೂ ಮುಟ್ಟಿರಲಿಲ್ಲ. ಜನ ನಕ್ಕರು. ಎದುರಾಳಿಗಳು ಹಿಡಿದುಹಾಕಿದರು. ಎದ್ದು ಹೊರಗೆ ಬರುವಾಗ ಅವನ ಬಲಗಾಲಿನ ಪಾದ ಚಪ್ಪಲಿ ಸಡಿಲವಾದಂತೆ ಪಟಪಟ ಅಂತ ನೆಲಕ್ಕೆ ಬಡಿಯುತ್ತಿತ್ತು.

ನಾನು ಓಡಿಹೋಗಿ ಕೇಳಿದೆ, "ಏನಾಯ್ತೋ?"

"ಗೊತ್ತಿಲ್ಲ ಚಿಕ್ಕಪ್ಪ, ಕಾಲು ನಂದಲ್ಲ ಅನ್ನಂಗದೆ."

ಚಡ್ಡಿ ಸರಿಸಿ ನೋಡಿದರೆ ಎರಡು ತೊಡೆಯ ಬುಡಕ್ಕೂ ಸೈಕಲ್ ಟ್ಯೂಬಿನ ಪಟ್ಟಿ. ಬಲಗಾಲಿಗೆ ಮಂಡಿಯ ಕೆಳಗೂ ಇನ್ನೊಂದು. ಮಂಡಿಯ ಹೊರಮಗ್ಗುಲಲ್ಲಿ ಟ್ಯೂಬು ಚರ್ಮಕ್ಕೆ ಕಚ್ಚಿಕೊಂಡು ಕೆಂಪು ಬರೆ ಬಿದ್ದಿತ್ತು. ಪಾದ ತಣ್ಣಗೆ, ಬಿಳಿಚಿಕೊಂಡು ಇತ್ತು. ಏಳೂ ಕಾಲಿಗೆ ಕಟ್ಟಿಕೊಂಡಿದ್ದನಂತೆ. ಹತ್ತು ನಿಮಿಷ ಇಟ್ಟು, ಆಟಕ್ಕೆ ಮುಂಚೆ ಬಿಚ್ಚುವುದು ಅಂತ ಅವನ ಲೆಕ್ಕ. ಆದರೆ ಆಟ ಈಗ ಶುರು ಆಗ ಶುರು ಅನ್ನುತ್ತಲೇ ಇದ್ದರಲ್ಲ, ಬಿಚ್ಚಿದರೆ ಕಾವು ಹೋಗುತ್ತದೆ ಅಂತ ಹಾಗೇ ಬಿಟ್ಟಿದ್ದ. ಒಂದು ಗಂಟೆ.

"ಯಾರು ಹೇಳಿಕೊಟ್ಟದ್ದು ಇದನ್ನ?" ಅಂದೆ, ಸಿಟ್ಟಿನಲ್ಲಿ.

ಅವನು ತಲೆ ಬಗ್ಗಿಸಿಕೊಂಡು ಹೇಳಿದ, "ನೀವೂ ಕಟ್ಕೊತಿದ್ರಲ್ಲ ಚಿಕ್ಕಪ್ಪ."

ಹೌದು. ನಾನೂ ಕಟ್ಟಿಕೊಳ್ಳುತ್ತಿದ್ದೆ. ಅದಕ್ಕೂ ಆರು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಕಂಪನಿಗಳ ನಡುವಿನ ಪಂದ್ಯದಲ್ಲಿ ಕಬಡ್ಡಿ ಆಡಲು ಹೋಗಿ, ಹತ್ತು ವರ್ಷ ಕುರ್ಚಿಯಲ್ಲಿ ಕೂತ ದೇಹವನ್ನು ನಂಬಿ ತಿರುಗಿ ಮಂಡಿಯ ಲಿಗಮೆಂಟ್ ಹರಿದುಕೊಂಡಿದ್ದೆ. ಆಪರೇಷನ್ ಆಯಿತು. ಲಿಗಮೆಂಟ್ ಆಪರೇಷನ್ ಮಾಡಿಸಿಕೊಂಡವರಿಗೆ ಗೊತ್ತು, ಮಂಡಿಗಿಂತ ಮೊದಲು ತೊಡೆ ಸೋಲುತ್ತದೆ. ಎರಡೇ ವಾರದಲ್ಲಿ ತೊಡೆಯ ಮುಂಭಾಗದ ಸ್ನಾಯು ಸೊರಗಿ, ಒಂದು ಕಾಲು ಹಿರಿಯನದು ಒಂದು ಕಾಲು ಹುಡುಗನದು ಅನ್ನುವಂತಾಗುತ್ತದೆ. ಅದನ್ನು ಮತ್ತೆ ಕಟ್ಟಬೇಕಾದರೆ ಭಾರ ಎತ್ತಬೇಕು, ಹೊಸದಾಗಿ ಕಟ್ಟಿದ ಲಿಗಮೆಂಟಿಗೆ ಭಾರ ತಡೆಯುವ ಶಕ್ತಿ ಇಲ್ಲ. ಆಗ ನನ್ನ ಫಿಸಿಯೋಥೆರಪಿಸ್ಟ್ ಒಂದು ಅಗಲವಾದ ಪಟ್ಟಿ ತಂದರು. ಬಿ.ಪಿ. ನೋಡುವ ಪಟ್ಟಿಯ ದೊಡ್ಡಣ್ಣನ ಹಾಗಿತ್ತು. ತೊಡೆಯ ಬುಡಕ್ಕೆ ಸುತ್ತಿ ಗಾಳಿ ತುಂಬಿ, ಕೇವಲ ಎರಡು ಕೆ.ಜಿ. ತೂಕ ಕಾಲಿಗೆ ಕೊಟ್ಟು ಎತ್ತಿಸಿದರು. ಮೊದಲು 30 ಸಲ, 30 ಸೆಕೆಂಡು ವಿಶ್ರಾಂತಿ, ಆಮೇಲೆ 15, 15, 15. ಎರಡನೆಯ ಸುತ್ತಿಗೇ ತೊಡೆ ಬೆಂಕಿಯಾಯಿತು. ಎರಡು ಕೆ.ಜಿ.ಗೆ ನಾನು ಹಲ್ಲು ಕಚ್ಚಿದ್ದು ನೋಡಿ ಪಕ್ಕದ ಹಾಸಿಗೆಯ ಅಜ್ಜಿ "ಅಯ್ಯೋ ಪಾಪ" ಅಂದರು.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳುವುದು ಸುಲಭ. ಗದ್ದೆಗೆ ನೀರು ಬರುವ ತೂಬನ್ನು ಅರ್ಧ ಮುಚ್ಚಿ, ನೀರು ಹೊರಗೆ ಹೋಗುವ ಕಡೆ ಮಣ್ಣು ಹಾಕಿ ಕಟ್ಟಿದರೆ ಏನಾಗುತ್ತದೆ? ಹೊಸ ನೀರು ಕಡಿಮೆ, ಇರುವ ನೀರು ಅಲ್ಲೇ ನಿಲ್ಲುತ್ತದೆ. ತೊಡೆಯಲ್ಲೂ ಹಾಗೆ. ಹೃದಯದಿಂದ ರಕ್ತ ತರುವ ನಾಳ ಆಳದಲ್ಲಿದೆ, ಒತ್ತಡ ಹೆಚ್ಚು, ಅದು ಪೂರ್ತಿ ಮುಚ್ಚುವುದಿಲ್ಲ. ವಾಪಸ್ ಒಯ್ಯುವ ನಾಳ ಮೆತ್ತಗೆ, ಅದು ಮುಚ್ಚಿಕೊಳ್ಳುತ್ತದೆ. ಸ್ನಾಯುವಿಗೆ ಆಮ್ಲಜನಕ ಸಾಲದೆ ಹೋಗುತ್ತದೆ, ದುಡಿಮೆಯ ಕಸ ಅಲ್ಲೇ ಶೇಖರವಾಗುತ್ತದೆ. ಸಾಮಾನ್ಯವಾಗಿ ಭಾರ ಎತ್ತಿದಾಗ ಮಾತ್ರ ಏಳುವ ಬಲವಾದ ಎಳೆಗಳು ಆಗ ಎರಡು ಕೆ.ಜಿ.ಗೂ ಎದ್ದು ದುಡಿಯಬೇಕಾಗುತ್ತದೆ. ಭಾರದಲ್ಲಿ ಬಲ ಬೆಳೆಸಬೇಕಾದರೆ ನಮ್ಮಿಂದ ಎತ್ತಲಾಗುವ ಗರಿಷ್ಠ ತೂಕದ ನೂರಕ್ಕೆ 70ರಷ್ಟಾದರೂ ಬೇಕು ಅನ್ನುತ್ತಾರೆ. ಈ ಪಟ್ಟಿ ಕಟ್ಟಿದರೆ 20ರಿಂದ 30 ಸಾಕು. ಮಂಡಿ ಒಡೆದವನಿಗೆ, ಮುದುಕರಿಗೆ ಅದು ವರವೇ ಸರಿ. ನನಗಂತೂ ಆಯಿತು.

ಆದರೆ ಒಂದು ಮಾತು. ನನ್ನ ಫಿಸಿಯೋ ಪಟ್ಟಿ ಕಟ್ಟುವ ಮುಂಚೆ ನನ್ನ ಕಾಲಿನಲ್ಲಿ ರಕ್ತ ಪೂರ್ತಿ ನಿಲ್ಲಲು ಎಷ್ಟು ಒತ್ತಡ ಬೇಕು ಅಂತ ಯಂತ್ರದಲ್ಲಿ ಅಳೆದಿದ್ದರು. ಅದರ ಅರ್ಧದಿಂದ ಮುಕ್ಕಾಲು ಮಾತ್ರ ತುಂಬುತ್ತಿದ್ದರು. ನನಗೂ ನಿಮಗೂ ಆ ಸಂಖ್ಯೆ ಬೇರೆ. ದಪ್ಪ ತೊಡೆಗೆ ಒಂದು, ಸಣ್ಣ ತೊಡೆಗೆ ಒಂದು, ಅಗಲದ ಪಟ್ಟಿಗೆ ಒಂದು, ಕಿರಿದಾದ ಪಟ್ಟಿಗೆ ಇನ್ನೊಂದು. ಕೆ.ಆರ್.ಎಸ್. ಮಟ್ಟ 124.80 ಅಡಿ ಅಂತ ನಮ್ಮ ಜಿಲ್ಲೆಯ ಮಗುವಿಗೂ ಗೊತ್ತು. ಎಷ್ಟು ಒಳಹರಿವು, ಎಷ್ಟು ಹೊರಹರಿವು ಅಂತ ದಿನಾ ಪೇಪರಿನಲ್ಲಿ ನೋಡುವ ಜನ ನಾವು. ಅಳತೆ ನೋಡದೆ ಗೇಟು ಹಾಕುವವನನ್ನು ನಾವು ಏನನ್ನುತ್ತೇವೆ? ಸೈಕಲ್ ಟ್ಯೂಬಿಗೆ ಅಳತೆ ಇಲ್ಲ. ನಾನು ಊರಿಗೆ ಬಂದಾಗ ಪಡಸಾಲೆಯಲ್ಲಿ ಕೂತು ನನ್ನ ಪಟ್ಟಿ ಕಟ್ಟಿ ವ್ಯಾಯಾಮ ಮಾಡುತ್ತಿದ್ದೆ. ಹುಡುಗರು ಸುತ್ತ ಕೂತು ನೋಡುತ್ತಿದ್ದರು. "ಇದು ಒಲಿಂಪಿಕ್ಸ್‌ನವರೂ ಕಟ್ಕೊತಾರೆ ಕಣ್ರೋ" ಅಂತ ನಾನೇ ಜಂಬ ಕೊಚ್ಚಿಕೊಂಡಿದ್ದೆ. ಅಳತೆಯ ಮಾತು ಮಾತ್ರ ನಾನು ಹೇಳಲೇ ಇಲ್ಲ. ಉಳಿದದ್ದನ್ನು ಅವರು ಮೊಬೈಲ್ ವಿಡಿಯೋ ನೋಡಿ ತುಂಬಿಸಿಕೊಂಡರು.

ಒಲಿಂಪಿಕ್ಸ್‌ ಮಾತು ಸುಳ್ಳಲ್ಲ. ಟೋಕಿಯೊ ಒಲಿಂಪಿಕ್ಸ್ ಸಮಯದಲ್ಲಿ ಅಮೆರಿಕದ ಈಜುಗಾರ ಮೈಕೆಲ್ ಆಂಡ್ರ್ಯೂ ತೋಳಿಗೆ ಕಾಲಿಗೆ ಪಟ್ಟಿ ಕಟ್ಟಿಕೊಂಡು ಸಿದ್ಧವಾಗುವುದು ದೊಡ್ಡ ಸುದ್ದಿಯಾಗಿತ್ತು. ನಿಷೇಧವೂ ಇಲ್ಲ, ಅದು ಔಷಧಿಯಲ್ಲವಲ್ಲ. ಇದರ ಹುಟ್ಟು ಜಪಾನಿನಲ್ಲಿ. 1966ರಲ್ಲಿ ಯೋಶಿಯಾಕಿ ಸಾತೋ ಅನ್ನುವ 18 ವರ್ಷದ ಹುಡುಗ ಒಂದು ಬೌದ್ಧ ಶ್ರಾದ್ಧದ ಕಾರ್ಯಕ್ರಮದಲ್ಲಿ ಮಂಡಿಯೂರಿ ಬಹಳ ಹೊತ್ತು ಕೂತ. ಕಾಲು ಜೋಮು ಹಿಡಿಯಿತು. ಮೀನಖಂಡ ಉಬ್ಬಿ, ಭಾರೀ ಕಸರತ್ತು ಮಾಡಿದ ಹಾಗೆ ಅನ್ನಿಸಿತು. ನಮ್ಮಲ್ಲಿ ಎಷ್ಟೋ ಜನಕ್ಕೆ ಸತ್ಯನಾರಾಯಣ ಪೂಜೆಯಲ್ಲಿ ಕೂತು ಜೋಮು ಹಿಡಿದಿದೆ, ನಾವು ಕಾಲು ಒದರಿ ಊಟಕ್ಕೆ ಹೋಗುತ್ತೇವೆ. ಆ ಹುಡುಗ ಅದನ್ನೇ ಹಿಡಿದುಕೊಂಡ. ಹಗ್ಗ, ಜೂಡೋ ಪಟ್ಟಿ, ಸೈಕಲ್ ಟ್ಯೂಬು, ಏನು ಸಿಕ್ಕಿತೋ ಅದನ್ನು ತನ್ನ ಕಾಲಿಗೆ ಕಟ್ಟಿ ವರ್ಷಗಟ್ಟಲೆ ಪ್ರಯೋಗ ಮಾಡಿದ. 1973ರಲ್ಲಿ ಹಿಮದಲ್ಲಿ ಜಾರುವ ಆಟದಲ್ಲಿ ಕಾಲು ಮುರಿದುಕೊಂಡಾಗ ಪ್ಲಾಸ್ಟರ್ ಹಾಕಿದ ಕಾಲಿನ ಮೇಲೆ ಇದನ್ನು ಮಾಡಿ, ಸ್ನಾಯು ಸೊರಗದಂತೆ ಉಳಿಸಿಕೊಂಡೆ ಅಂತ ಆಮೇಲೆ ಹೇಳಿಕೊಂಡ. ಅದಕ್ಕೆ ಕಾತ್ಸು ಅಂತ ಹೆಸರಿಟ್ಟ.

ಸೈಕಲ್ ಟ್ಯೂಬು ಅಂದ ಕೂಡಲೇ ನಮ್ಮ ಹುಡುಗ ನನ್ನ ಕಡೆ ನೋಡಿದ್ದ, "ಅವರೂ ಅದೇ ಕಟ್ಕೊಂಡಿದ್ರಲ್ಲ" ಅಂತ. ಕಟ್ಟಿಕೊಂಡಿದ್ದರು. ಆದರೆ ಶುರುವಿನ ದಿನಗಳಲ್ಲಿ ಅತಿ ಮಾಡಿ, ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿ ಆಸ್ಪತ್ರೆ ಸೇರಿದ್ದನ್ನೂ ಅವರೇ ಬರೆದಿದ್ದಾರೆ. ವಿಡಿಯೋ ಮಾಡುವವರು ಆ ಭಾಗ ಬಿಟ್ಟುಬಿಡುತ್ತಾರೆ.

ಈಗ ನಮ್ಮ ಹುಡುಗ ಮಾಡಲು ಹೊರಟದ್ದು ಇದಲ್ಲ, ಇದರ ತಮ್ಮನಂಥದ್ದು. ಆಟಕ್ಕೆ ಸ್ವಲ್ಪ ಮುಂಚೆ ಸುಮ್ಮನೆ ಕೂತು ರಕ್ತ ಕಟ್ಟುವುದು, ಬಿಡುವುದು, ಕಟ್ಟುವುದು, ಬಿಡುವುದು. ಇದು ಬಂದದ್ದು ಆಟದ ಮೈದಾನದಿಂದಲ್ಲ, ಹೃದಯದ ವೈದ್ಯರಿಂದ. 1986ರಲ್ಲಿ ಅಮೆರಿಕದ ಸಂಶೋಧಕರು ನಾಯಿಗಳ ಹೃದಯದ ರಕ್ತನಾಳವನ್ನು ಐದು ನಿಮಿಷ ಕಟ್ಟಿ, ಐದು ನಿಮಿಷ ಬಿಟ್ಟು, ಹೀಗೆ ನಾಲ್ಕು ಸಲ ಮಾಡಿದರು. ಆಮೇಲೆ 40 ನಿಮಿಷ ಪೂರ್ತಿ ಕಟ್ಟಿದರು. ಮೊದಲೇ ಹಾಗೆ ರೂಢಿ ಮಾಡಿಸಿದ ಹೃದಯಗಳಲ್ಲಿ ಸತ್ತ ಭಾಗ ಉಳಿದವುಗಳ ಕಾಲು ಭಾಗದಷ್ಟೇ ಇತ್ತು. ನಮ್ಮ ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ನೀರು ಬಿಡುವುದು ಗೊತ್ತಲ್ಲ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವುದು? ಕೊನೆಯ ಭಾಗದ ರೈತ ಆ ಬರುವ ಹೋಗುವ ನೀರಿಗೆ ಒಗ್ಗಿಕೊಂಡು ಬೆಳೆ ಉಳಿಸಿಕೊಳ್ಳುತ್ತಾನಲ್ಲ, ಹೆಚ್ಚು ಕಡಿಮೆ ಹಾಗೆ. ಒಂದೇ ವ್ಯತ್ಯಾಸ, ಜೀವಕೋಶಗಳು ರಸ್ತೆ ತಡೆ ಮಾಡುವುದಿಲ್ಲ.

ಹೃದಯಕ್ಕೆ ಒಳ್ಳೆಯದಾದರೆ ಓಟಗಾರನ ಕಾಲಿಗೂ ಆಗಬಹುದಲ್ಲ ಅಂತ ಕೆಲವರಿಗೆ ಹೊಳೆಯಿತು. 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಪಳಗಿದ ಸೈಕಲ್ ಸವಾರರ ಕಾಲುಗಳಿಗೆ 220 ಮಿಲಿಮೀಟರ್ ಒತ್ತಡದಲ್ಲಿ ಐದೈದು ನಿಮಿಷ ಮೂರು ಸಲ ಪಟ್ಟಿ ಕಟ್ಟಿ ಬಿಟ್ಟು ಸೈಕಲ್ ತುಳಿಸಿದರು. ನಮ್ಮ ಮಾಮೂಲಿ ರಕ್ತದೊತ್ತಡ 120 ಅನ್ನುವುದನ್ನು ನೆನಪಿಡಿ. ಗರಿಷ್ಠ ಶಕ್ತಿ ನೂರಕ್ಕೆ 1.6ರಷ್ಟು ಹೆಚ್ಚಾಯಿತು. ಮರುವರ್ಷ ಕೆನಡಾದಲ್ಲಿ ಈಜುಗಾರರ ತೋಳಿಗೆ ಮಾಡಿದರು, 100 ಮೀಟರ್ ಈಜಿನಲ್ಲಿ ಸರಾಸರಿ 0.7 ಸೆಕೆಂಡು ಉಳಿಯಿತು. ಕೇಳಿದರೆ ಸಣ್ಣದು. ಪದಕಕ್ಕೂ ಬರಿಗೈಗೂ ನಡುವೆ ಅಷ್ಟೇ ಇರುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ನಾನು ವಿಡಿಯೋದವನಾಗುತ್ತೇನೆ. ನಮ್ಮ ಕೆಲಸದಲ್ಲಿ ಒಂದು ಆ್ಯಪ್‌ನ ಗುಂಡಿಯ ಬಣ್ಣ ಬದಲಿಸಬೇಕಾದರೂ ಅರ್ಧ ಜನಕ್ಕೆ ಹಳೆಯದು, ಅರ್ಧ ಜನಕ್ಕೆ ಹೊಸದು ತೋರಿಸಿ ಹೋಲಿಸಿ ನೋಡದೆ ಬದಲಿಸುವುದಿಲ್ಲ. ಇಲ್ಲೂ ಯಾರಾದರೂ ಹಾಗೆ ನೋಡಿರಬೇಕಲ್ಲ ಅಂತ, ಹುಡುಗ ಆಸ್ಪತ್ರೆಯಲ್ಲಿದ್ದ ರಾತ್ರಿಗಳಲ್ಲಿ ಹುಡುಕಿ ಓದಿದೆ. ನೋಡಿದ್ದಾರೆ. 2015ರಲ್ಲಿ ಬ್ರೆಜಿಲ್‌ನಲ್ಲಿ ಈಜುಗಾರರಿಗೆ ಒಮ್ಮೆ ನಿಜವಾಗಿ ಬಿಗಿದು, ಇನ್ನೊಮ್ಮೆ ಬರೀ ತಾಗುವಷ್ಟು ಗಾಳಿ ತುಂಬಿ ಹುಸಿ ಕಟ್ಟು ಕಟ್ಟಿದರು. ಏನೂ ಕಟ್ಟದೆ ಈಜಿದ್ದಕ್ಕಿಂತ ಎರಡರಲ್ಲೂ ಚೆನ್ನಾಗಿ ಈಜಿದರು. ಅಂದರೆ ಕೆಲಸ ಮಾಡಿದ್ದರಲ್ಲಿ ಬಹುಪಾಲು ಪಟ್ಟಿಯೋ, ನಂಬಿಕೆಯೋ? ಅದಾದ ಮೇಲೂ ಕೆಲವು ಪ್ರಯೋಗಗಳಲ್ಲಿ ಲಾಭ ಕಂಡಿದೆ, ಕೆಲವದರಲ್ಲಿ ಇಲ್ಲ. ದೂರದ ಆಟಗಳಲ್ಲಿ ಸ್ವಲ್ಪ ಹೆಚ್ಚು, ಕಬಡ್ಡಿಯಂಥ ಚಿಮ್ಮುವ, ನೆಗೆಯುವ ಆಟಗಳಲ್ಲಿ ಭರವಸೆ ಇಡುವಂಥದ್ದು ನನಗೆ ಸಿಗಲಿಲ್ಲ. ಮೂವತ್ತು ಸೆಕೆಂಡಿನ ರೈಡಿಗೆ ಇದರಿಂದ ಏನೂ ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಡಾಕ್ಟರ್ ಆಗಿ ಹೇಳುತ್ತಿಲ್ಲ, ಓದಿಕೊಂಡವನಾಗಿ ಹೇಳುತ್ತಿದ್ದೇನೆ.

ಆ ರಾತ್ರಿ ಏನಾಯಿತು ಅಂತ ಹೇಳಿ ಮುಗಿಸುತ್ತೇನೆ. ಟ್ಯೂಬು ಕತ್ತರಿಸಿದ ಮೇಲೆ ಪಾದಕ್ಕೆ ಬಣ್ಣ ಬಂತು, ಕಾವು ಬಂತು. ಎಲ್ಲರೂ ಸರಿಹೋಯಿತು ಅಂದರು. ಆದರೆ ಪಾದ ಮೇಲಕ್ಕೆ ಎತ್ತಲಾಗಲಿಲ್ಲ. ಮಂಡಿಯ ಹೊರಮಗ್ಗುಲಲ್ಲಿ, ಕೈಯಿಟ್ಟರೆ ಒಂದು ಗುಂಡಗಿನ ಮೂಳೆ ಸಿಗುತ್ತದೆ ನೋಡಿ, ಅದರ ಹಿಂದೆಯೇ ಪಾದ ಎತ್ತುವ ನರ ಚರ್ಮದ ಕೆಳಗೇ ಹಾದುಹೋಗುತ್ತದೆ. ಆ ಟ್ಯೂಬು ಅದನ್ನೇ ಒತ್ತಿಹಿಡಿದಿತ್ತು. ಆಸ್ಪತ್ರೆಯ ಡಾಕ್ಟರು ನೋಡಿ, "ನರ ಹರಿದಿಲ್ಲ, ಜಜ್ಜಿದೆ. ಬರುತ್ತದೆ. ಎಷ್ಟು ದಿನಕ್ಕೆ ಅಂತ ಕೇಳಬೇಡಿ" ಅಂದರು. ಮೂತ್ರದ ಬಣ್ಣ ನೋಡುತ್ತಿರಿ, ಕಾಫಿ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಹೋಗುತ್ತಿದೆ ಅಂತ, ತಕ್ಷಣ ಕರೆಯಿರಿ ಅಂದರು. ಆ ಎರಡು ದಿನ ನನ್ನ ಅತ್ತಿಗೆ ಪ್ರತಿ ಸಲ ಬಾತ್‌ರೂಮಿನ ಬಾಗಿಲಲ್ಲಿ ನಿಂತು "ಏನ್ ಬಣ್ಣ ಮಗಾ?" ಅಂತ ಕೇಳುತ್ತಿದ್ದರು. ನನ್ನ ಜೊತೆ ಅವರು ಮಾತಾಡಲಿಲ್ಲ. ಮಾತಾಡಬೇಕಾಗಿಯೂ ಇರಲಿಲ್ಲ.

ಆರು ವಾರ ಅವನು ಪಾದಕ್ಕೆ ಪ್ಲಾಸ್ಟಿಕ್ ಆಸರೆ ಹಾಕಿಕೊಂಡು ಓಡಾಡಿದ. ಏಳನೆಯ ವಾರ ಒಂದು ಬೆಳಿಗ್ಗೆ ನನಗೆ ವಿಡಿಯೋ ಕಳಿಸಿದ. ಬರೀ ಪಾದದ ವಿಡಿಯೋ, ಹೆಬ್ಬೆರಳು ಮೇಲಕ್ಕೆ ಏಳುತ್ತದೆ, ಬೀಳುತ್ತದೆ, ಏಳುತ್ತದೆ. ಹನ್ನೊಂದು ಸೆಕೆಂಡು. ಆಫೀಸಿನ ಮೀಟಿಂಗಿನಲ್ಲಿ ಕೂತು ಅದನ್ನು ಎಷ್ಟು ಸಲ ನೋಡಿದೆನೋ.

ಇಲ್ಲಿ ಒಂದು ಅಡ್ಡ ಮಾತು, ಆದರೆ ಊರಿನವರು ಇಷ್ಟು ಜನ ಸೇರಿರುವಾಗ ಹೇಳದಿದ್ದರೆ ತಪ್ಪಾಗುತ್ತದೆ. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದರೆ ನಾವು ಮೊದಲು ಮಾಡುವುದೇನು? ಟವೆಲೋ ಹಗ್ಗವೋ ತಗೊಂಡು ಬಿಗಿಯಾಗಿ ಕಟ್ಟುವುದು. ನಮ್ಮಪ್ಪನ ಕಾಲದಿಂದ ಹಾಗೇ. ಅದನ್ನು ಮಾಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ, ನಮ್ಮ ವೈದ್ಯರೂ ಹೇಳುತ್ತಾರೆ. ಕೊಳಕುಮಂಡಲ ಕಚ್ಚಿದ ಕಾಲು ಮೊದಲೇ ಊದಿಕೊಂಡು ಕೊಳೆಯಲು ಶುರುವಾಗಿರುತ್ತದೆ, ಅದರ ಮೇಲೆ ಕಟ್ಟು ಬಿಗಿದರೆ ಕಾಲನ್ನೇ ಕಳೆದುಕೊಳ್ಳಬಹುದು. ಕಾಲು ಅಲ್ಲಾಡದಂತೆ ಒಂದು ದಬ್ಬೆ ಇಟ್ಟು ಸಡಿಲವಾಗಿ ಸುತ್ತಿ, ನಡೆಸದೆ, ಹತ್ತಿರದ ಆಸ್ಪತ್ರೆಗೆ ಓಡಿ. ಮದ್ದು ಅಲ್ಲಿದೆ.

ಇನ್ನು ಆಟಕ್ಕೆ ಮುಂಚೆ ಏನು ಮಾಡಬೇಕು? ಇದಕ್ಕೆ ಉತ್ತರ ಜಪಾನಿನಲ್ಲಿ ಹುಡುಕಬೇಕಾಗಿರಲಿಲ್ಲ, ಈ ಮೈದಾನದಲ್ಲೇ ಇತ್ತು. ನಮ್ಮ ಪಿ.ಟಿ. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ನನ್ನದು 2004ರ ಎಸ್‌ಎಸ್‌ಎಲ್‌ಸಿ ಬ್ಯಾಚು. ಹೋಬಳಿ ಮಟ್ಟದ ಪಂದ್ಯಕ್ಕೆ ಹೋದಾಗ ಉಳಿದ ಶಾಲೆಯವರು ಮರದ ಕೆಳಗೆ ಕಡಲೆಕಾಯಿ ತಿನ್ನುತ್ತಾ ಕೂತಿದ್ದರೆ ಮೇಷ್ಟ್ರು ನಮ್ಮನ್ನು ಕೆರೆ ಏರಿಯ ಮೇಲೆ ನಿಧಾನ ಓಡಿಸುತ್ತಿದ್ದರು. ಆಮೇಲೆ ಮಂಡಿ ಎತ್ತಿ ಓಟ, ಪಕ್ಕಕ್ಕೆ ಓಟ, ಹಿಂದಕ್ಕೆ ಓಟ, ಬಸ್ಕಿ, ಕೊನೆಗೆ ಎರಡು ಸಲ ಜೋರು ಓಟ. "ಮೈ ಬೆವರ್ಬೇಕು, ಉಸ್ರು ಸೋಲ್ಬಾರ್ದು ಕಣ್ರುಲಾ" ಅನ್ನುತ್ತಿದ್ದರು. ನಾವು ಬೈದುಕೊಳ್ಳುತ್ತಿದ್ದೆವು, ಆಟಕ್ಕೆ ಮುಂಚೆ ಶಕ್ತಿಯೆಲ್ಲ ಇಲ್ಲೇ ಖರ್ಚಾಗುತ್ತದಲ್ಲ ಅಂತ. ಈಗ ಓದಿದರೆ ಗೊತ್ತಾಗುತ್ತದೆ. ಸ್ನಾಯುವಿನ ಕಾವು ಒಂದೇ ಒಂದು ಡಿಗ್ರಿ ಏರಿದರೆ ಅದರ ಚಿಮ್ಮುವ ಶಕ್ತಿ ನೂರಕ್ಕೆ 2ರಿಂದ 5ರಷ್ಟು ಹೆಚ್ಚುತ್ತದೆ. ನೆದರ್ಲೆಂಡ್ಸ್‌ನ ಪಟ್ಟಿ ಕೊಟ್ಟದ್ದು 1.6. ನಮ್ಮ ಕೆರೆ ಏರಿಗೆ ಕಾಸಿಲ್ಲ, ಅಪಾಯವಿಲ್ಲ.

ಶ್ರೀರಂಗಪಟ್ಟಣ, ಮೈಸೂರಿನ ಗರಡಿಮನೆಗಳವರಿಗೂ ಇದು ಗೊತ್ತಿತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಶುರು ಮಾಡಿದ ಕಾಲದಿಂದ ಈ ಸೀಮೆಗೂ ಮಟ್ಟಿಗೂ ನಂಟು. ಜಟ್ಟಿಗಳನ್ನು ಅರಮನೆ ಸಾಕಿದ ನಾಡು ಇದು. ಪೈಲ್ವಾನ ಅಖಾಡಕ್ಕೆ ಇಳಿದ ಕೂಡಲೇ ಕೈ ಹಿಡಿಯುವುದಿಲ್ಲ. ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾನೆ, ಮೈಗೆ ತಿಕ್ಕಿಕೊಳ್ಳುತ್ತಾನೆ, ನಾಲ್ಕು ಬಸ್ಕಿ ಹೊಡೆಯುತ್ತಾನೆ, ಸುತ್ತು ಬಂದು ಸೆಡ್ಡು ಹೊಡೆಯುತ್ತಾನೆ. ಕಬಡ್ಡಿಯವರು ತೊಡೆ ತಟ್ಟುವುದೂ ಅದೇ. ತೊಡೆ ತಟ್ಟಿದರೆ ಚರ್ಮ ಕೆಂಪಾಗುತ್ತದೆ, ರಕ್ತ ಅಲ್ಲಿಗೆ ಬರುತ್ತದೆ. ಎದುರಾಳಿ ನೋಡುತ್ತಾನೆ, ನೋಡುವುದೇ ಅರ್ಧ ಕೆಲಸ. ಬ್ರೆಜಿಲ್‌ನ ಹುಸಿ ಕಟ್ಟಿನ ಕೆಲಸವನ್ನು ನಮ್ಮವರು ಬರಿಗೈಯಲ್ಲಿ ಮಾಡುತ್ತಿದ್ದರು. ತೊಡೆ ತಟ್ಟುವುದು ಒಂದು, ತೊಡೆ ಕಟ್ಟುವುದು ಇನ್ನೊಂದು. ಇನ್ನು ಪಾಂಡವಪುರದವರಿಗೆ ತೊಡೆಯ ಬೆಲೆ ನಾನು ಹೇಳಬೇಕೆ? ಕುಂತಿಬೆಟ್ಟದ ನೆರಳಲ್ಲಿ ಬೆಳೆದವರಿಗೆ ದುರ್ಯೋಧನನ ಕಥೆ ಗೊತ್ತು.

ಮಕ್ಕಳೇ, ನಿಮ್ಮಲ್ಲಿ ಯಾರಾದರೂ ಮುಂದೆ ದೊಡ್ಡ ಮಟ್ಟದಲ್ಲಿ ಆಡಿದರೆ, ಒಬ್ಬ ಕೋಚು, ಒಬ್ಬ ಫಿಸಿಯೋ, ಅಳತೆಯ ಯಂತ್ರ ಇಟ್ಟುಕೊಂಡು ಅವರು ಪಟ್ಟಿ ಕಟ್ಟಿದರೆ ಕಟ್ಟಿಸಿಕೊಳ್ಳಿ, ನನ್ನ ಅಡ್ಡಿ ಇಲ್ಲ. ಆಗಲೂ ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟುವ ಕಾಯಿಲೆ ಇದ್ದರೆ, ನಿಮಗೆ ಬಿ.ಪಿ. ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಮೊದಲೇ ಹೇಳಿ. ಜೋಮು ಹಿಡಿಯಿತು ಅಂದರೆ ಬಿಚ್ಚಿಸಿ, ನಾಚಿಕೆ ಬೇಡ. ಸದ್ಯಕ್ಕೆ ಟ್ಯೂಬನ್ನು ಸೈಕಲ್ಲಿನಲ್ಲೇ ಬಿಡಿ. ಅಪ್ಪ ಅಮ್ಮಂದಿರೇ, ಹುಡುಗರ ಆಟದ ಬ್ಯಾಗು ಒಮ್ಮೆ ತೆಗೆದು ನೋಡಿ. ಟ್ಯೂಬು ಸಿಗದಿರಬಹುದು. ಬೆಳಗಿನಿಂದ ಏನೂ ತಿನ್ನದೆ ಆಟಕ್ಕೆ ಹೋಗುತ್ತಿರುವುದು ಗೊತ್ತಾಗಬಹುದು, ಹರಿದ ಶೂ ಸಿಗಬಹುದು. ಅವು ಟ್ಯೂಬಿಗಿಂತ ಹೆಚ್ಚು ಕಾಲು ಮುರಿದಿವೆ.

ಹಳೆಯ ವಿದ್ಯಾರ್ಥಿಗಳ ಸಂಘದಿಂದ ಶಾಲೆಗೆ ಕಬಡ್ಡಿ ಮ್ಯಾಟು ಕೊಡಿಸುವುದು ಅಂತ ನಿನ್ನೆ ತೀರ್ಮಾನವಾಗಿದೆ, ಅದಕ್ಕೆ ನನ್ನ ಪಾಲು ಕೊಡುತ್ತೇನೆ. ಅದರ ಜೊತೆ ಇನ್ನೊಂದು ಕೋರಿಕೆ. ವರ್ಷಕ್ಕೊಂದು ದಿನ ಒಬ್ಬ ಒಳ್ಳೆಯ ಫಿಸಿಯೋಥೆರಪಿಸ್ಟನ್ನು ಕರೆಸಿ ಮಕ್ಕಳಿಗೆ, ಪಿ.ಟಿ. ಮೇಷ್ಟ್ರಿಗೆ, ಊರಿನ ಟೀಮಿನ ಹುಡುಗರಿಗೆ ಹೇಳಿಸೋಣ. ಅದರ ಖರ್ಚು ಪೂರ್ತಿ ನನ್ನದು. ಅದು ದಾನವಲ್ಲ, ನಾನು ಸಲ್ಲಿಸಬೇಕಾದ ಬಾಕಿ.

ಸಂಘಟಕರಿಗೂ ಒಂದು ಮಾತು. ಮೈ ಬಿಸಿ ಮಾಡಿಕೊಂಡ ಹುಡುಗ ಇಪ್ಪತ್ತು ನಿಮಿಷ ಸುಮ್ಮನೆ ಕೂತರೆ ಆ ಕಾವು ಇಳಿದುಹೋಗುತ್ತದೆ. ತಣ್ಣಗಾದ ಕಾಲಿನಲ್ಲಿ ಮೊದಲ ರೈಡ್‌ಗೆ ಹೋಗುವವನ ಮಂಡಿ ನನ್ನ ಮಂಡಿಯ ದಾರಿ ಹಿಡಿಯಬಹುದು. ಆ ರಾತ್ರಿಯ ಒಂದು ಗಂಟೆಯಲ್ಲಿ ನನ್ನ ಪಾಲು ನನಗಿರಲಿ, ಹಾರ ತುರಾಯಿಯ ಪಾಲನ್ನು ಹಂಚಿಕೊಳ್ಳುವವರು ಹಂಚಿಕೊಳ್ಳಲಿ. ಭಾಷಣ ಆಟ ಮುಗಿದ ಮೇಲೂ ಮಾಡಬಹುದು.

ಇವತ್ತು ಸಂಜೆ ಐದು ಗಂಟೆಗೆ ಹಳೆಯ ವಿದ್ಯಾರ್ಥಿಗಳಿಗೂ ಈಗಿನ ಹತ್ತನೇ ತರಗತಿಯವರಿಗೂ ಸ್ನೇಹ ಪಂದ್ಯ ಇದೆ. ನಮ್ಮ ಹುಡುಗ ಆಡುತ್ತಿದ್ದಾನೆ, ಬಲಗಾಲಿನ ಪಾದ ಚೆನ್ನಾಗಿ ಏಳುತ್ತದೆ, ಹಿಡಿಯುವವರು ಹುಷಾರು. ನಾನು ಆಡುವುದಿಲ್ಲ, ಸ್ಕೋರ್ ಬರೆಯುತ್ತೇನೆ. ನಾಲ್ಕೂವರೆಗೆ ಮೇಷ್ಟ್ರು ಸೀಟಿ ಊದುತ್ತಾರೆ, ಎರಡೂ ತಂಡ ಕೆರೆ ಏರಿಯ ಮೇಲೆ ಇರಬೇಕು. ಅತಿಥಿಗಳು ದಯವಿಟ್ಟು ನಾಲ್ಕು ಐವತ್ತಕ್ಕೆ ಕುರ್ಚಿಯಲ್ಲಿರಿ. ಐದಕ್ಕೆ ಯಾರಿಲ್ಲದಿದ್ದರೂ ಆಟ ಶುರು.